ತೂಕಕ್ಕೆ ಕೈ ಹಾಕುವ ಮುಂಚೆ ಬಟ್ಟೆ ನೋಡಿ

ಬೆಂಗಳೂರಿನ ಕಬ್ಬನ್‌ಪೇಟೆಯ ಒಂದು ಗಲ್ಲಿಯಲ್ಲಿ ನಮ್ಮ ಪವರ್‌ಲೂಮ್‌ಗಳಿವೆ. ನೇಯುವುದು ರೇಷ್ಮೆ ಸೀರೆ. ಒಡಲು ಪ್ಲೇನ್, ಅಂಚು ಸ್ಯಾಟಿನ್, ಸೆರಗಿಗೆ ಚಿತ್ತಾರ ತೆಗೆಯುವ ಜಕಾರ್ಡ್. ಹಾಸಿನ ಎಳೆ, ಅಂದರೆ ಉದ್ದಕ್ಕೆ ಹೋಗುವ ಎಳೆ, ತುಂಡಾಗಲು ಶುರುವಾದರೆ ಇಲ್ಲಿ ಎಲ್ಲರ ಕೈ ಮೊದಲು ಹೋಗುವುದು ಬೀಮಿನ ತೂಕಕ್ಕೆ. ಬೀಮು ಅಂದರೆ ಹಾಸು ಸುತ್ತಿಟ್ಟ ಉರುಳೆ, ಎಳೆ ಬಿಗಿಯಾಗಿರಲಿ ಅಂತ ಅದಕ್ಕೆ ತೂಕ ನೇತುಹಾಕಿರುತ್ತೇವೆ. ಎಳೆ ಕಿತ್ತರೆ ತೂಕ ಇಳಿಸು, ಜೋತುಬಿದ್ದರೆ ಏರಿಸು. ಸುಲಭ ಅಲ್ವಾ? ಆದರೆ ತೂಕ ಇಡೀ ಬೀಮಿಗೆ ಒಂದೇ, ಬಿಗಿ ಮಾತ್ರ ಎಳೆಯಿಂದ ಎಳೆಗೆ ಬೇರೆ. ಆ ವ್ಯತ್ಯಾಸ ಬರುವುದು ನೇಯ್ಗೆಯಿಂದ.

ಪ್ಲೇನ್‌ನಲ್ಲಿ ಹಾಸಿನ ಎಳೆ ಪ್ರತಿ ಹೊಕ್ಕಿಗೂ, ಅಂದರೆ ಪ್ರತಿ ಅಡ್ಡ ಎಳೆಗೂ, ಬಾಗಬೇಕು. ಒಂದರ ಮೇಲೆ, ಇನ್ನೊಂದರ ಕೆಳಗೆ. ಐದೆಳೆ ಸ್ಯಾಟಿನ್‌ನಲ್ಲಿ ಅದೇ ಎಳೆ ನಾಲ್ಕು ಹೊಕ್ಕಿನ ಮೇಲೆ ನೆಟ್ಟಗೆ ತೇಲಿ ಒಂದರ ಕೆಳಗೆ ಇಳಿಯುತ್ತದೆ. ಬಾಗು ಜಾಸ್ತಿಯಾದಷ್ಟೂ ಎಳೆ ಜಾಸ್ತಿ ಖರ್ಚಾಗುತ್ತದೆ. ಎರಡನ್ನೂ ಒಂದೇ ಬೀಮಿನಿಂದ ಬಿಟ್ಟರೆ ಒಡಲಿನ ಎಳೆ ಬಿಗಿಯುತ್ತಾ ಹೋಗುತ್ತದೆ, ಅಂಚಿನದು ಜೋತುಬೀಳುತ್ತದೆ. ಜೋತುಬಿದ್ದ ಎಳೆ ಸರಿಯಾಗಿ ಮೇಲೆದ್ದು ದಾರಿ ಬಿಡುವುದಿಲ್ಲ, ಹೊಕ್ಕು ಒಯ್ಯುವ ಲಾಳಿಗೆ ಸಿಕ್ಕಿ ತುಂಡಾಗುತ್ತದೆ. ಅಂದರೆ ಎಳೆ ಕಿತ್ತಿದ್ದು ಸಡಿಲದಿಂದ. ಅದನ್ನು ನೋಡದೆ ತೂಕ ಇಳಿಸಿದರೆ ಇನ್ನಷ್ಟು ಕಿತ್ತುಬರುತ್ತದೆ.

ಎಷ್ಟು ವ್ಯತ್ಯಾಸ ಅಂತ ನಾನು ನೋಡುವುದು ಹೀಗೆ. ಹಳೆ ತುಂಡಿನ ಮೇಲೆ ಹಾಸಿನ ಉದ್ದಕ್ಕೆ 10 ಸೆಂ.ಮೀ. ಗುರುತು ಹಾಕಿ ಕತ್ತರಿಸುತ್ತೇನೆ. ಪ್ಲೇನ್ ಕಡೆಯಿಂದ ಒಂದು ಎಳೆ, ಸ್ಯಾಟಿನ್ ಕಡೆಯಿಂದ ಒಂದು ಎಳೆ ಬಿಡಿಸಿ, ಸುಕ್ಕು ಹೋಗುವಷ್ಟು ಮಾತ್ರ ಎಳೆದು ಸ್ಕೇಲಿನ ಮೇಲೆ ಇಡುತ್ತೇನೆ. ಒಂದು 10.5, ಇನ್ನೊಂದು 10.2 ಬಂತು ಅಂದುಕೊಳ್ಳಿ. ನೋಡಲು 3 ಮಿಲಿಮೀಟರ್. ಆದರೆ ಐದೂವರೆ ಮೀಟರ್ ಸೀರೆಗೆ ಅದು 16 ಸೆಂ.ಮೀ. ದಾಟುತ್ತದೆ. ಬೀಮಿನಲ್ಲಿ ಹತ್ತು ಸೀರೆಯ ಹಾಸು ಇದ್ದರೆ ಒಂದೂವರೆ ಮೀಟರಿಗೂ ಜಾಸ್ತಿ. ಯಾವ ತೂಕ ಇದನ್ನು ಸರಿದೂಗಿಸುತ್ತದೆ ಹೇಳಿ! ಅಂಚಿನ ಎಳೆಗೆ ಬೇರೆ ಬೀಮು, ಬೇರೆ ತೂಕ ಕೊಡಲೇಬೇಕು. ಜಾಗ ಇಲ್ಲದ ಮಗ್ಗದಲ್ಲಿ ಎಳೆ ತೇಲುವ ಉದ್ದ ಚಿಕ್ಕದು ಮಾಡಿ ಅಂತ ಡಿಸೈನ್ ಬರೆಯುವವರನ್ನು ಕೇಳುತ್ತೇನೆ. ಹೊಳಪು ಕಡಿಮೆಯಾಗುತ್ತೆ ಅಂತ ಅವರು ಮುಖ ಗಂಟು ಹಾಕಿಕೊಳ್ಳುತ್ತಾರೆ, ಅದು ನಿಜವೂ ಹೌದು.

ಬಿಗಿ ನೋಡಲು ನನ್ನ ಹತ್ತಿರ ಮೀಟರ್ ಇಲ್ಲ. ಎಳೆಗಳೆಲ್ಲ ಒಂದೇ ಮಟ್ಟದಲ್ಲಿ ಇರುವಾಗ ಮಗ್ಗ ನಿಲ್ಲಿಸಿ, ಹಿಂದೆ ಹೋಗಿ, ಹಾಸಿನ ಮೇಲೆ ಅಂಗೈಯನ್ನು ಒಂದೇ ಹದದಲ್ಲಿ ಒತ್ತಿ ಒಡಲಿನಿಂದ ಅಂಚಿನವರೆಗೆ ಸರಿಸುತ್ತೇನೆ. ಎಲ್ಲಿ ಕೈ ಕುಸಿಯುತ್ತೆ, ಎಲ್ಲಿ ತಂತಿಯ ಹಾಗೆ ತಡೆಯುತ್ತೆ ಅಂತ ಕೂಡಲೇ ಗೊತ್ತಾಗುತ್ತದೆ.

ಬಟ್ಟೆ ಆದಮೇಲೆ ಮಗ್ಗ. ಲಾಳಿ ಹೋಗಲು ಎಳೆಗಳು ಬಾಯಿ ತೆರೆಯುತ್ತವಲ್ಲ, ಅದರ ಎತ್ತರ ನನಗೆ ಎಲ್ಲಕ್ಕಿಂತ ಮುಖ್ಯ. ಎಳೆ ಹಿಗ್ಗುವುದು ಎತ್ತರದ ವರ್ಗದ ಲೆಕ್ಕದಲ್ಲಿ. ಎತ್ತರ ಎರಡು ಪಟ್ಟಾದರೆ ಹಿಗ್ಗು ನಾಲ್ಕು ಪಟ್ಟು. 10% ಇಳಿಸಿದರೂ ಹಿಗ್ಗು ಸುಮಾರು 19% ಇಳಿಯುತ್ತದೆ. ರೇಷ್ಮೆ ತುಂಡಾಗುವ ಮುಂಚೆ ಸುಮಾರು 20% ಹಿಗ್ಗುತ್ತದೆ ನಿಜ, ಆದರೆ ಹಿಗ್ಗಿದ್ದೆಲ್ಲಾ ವಾಪಸ್ ಬರುವುದಿಲ್ಲ. ಅದಕ್ಕೇ ಲಾಳಿ ಎಳೆಗೆ ತಾಗದೆ ಹೋಗುವಷ್ಟು ಮಾತ್ರ ಬಾಯಿ ಇಡುತ್ತೇನೆ. "ಅಣ್ಣಾ, ಇನ್ನೂ ಸ್ವಲ್ಪ ಎತ್ತಿ, ಲಾಳಿ ಆರಾಮಾಗಿ ಹೋಗ್ಲಿ" ಅಂತ ನೇಯುವ ಹುಡುಗ ಹೇಳುತ್ತಲೇ ಇರುತ್ತಾನೆ. ಅವನ ಆರಾಮಕ್ಕೆ ಎಳೆ ಬೆಲೆ ತೆರುತ್ತದೆ.

ಬೀಮಿನಿಂದ ಬರುವ ಹಾಸು ಹಾಯುವ ಹಿಂದಿನ ರೋಲರ್ ಎತ್ತಿದರೆ ಬಾಯಿಯ ಕೆಳಸಾಲು ಬಿಗಿಯುತ್ತದೆ, ಮೇಲ್ಸಾಲು ಸಡಿಲವಾಗುತ್ತದೆ. ಹತ್ತಿ ನೇಯುವವರಿಗೆ ಇದು ಇಷ್ಟ. ಹೊಕ್ಕು ಒತ್ತಾಗಿ ಕೂರುತ್ತದೆ, ಹೊಕ್ಕನ್ನು ಬಡಿದು ಕೂರಿಸುವ ಬಾಚಣಿಗೆಯಂಥ ಹಣಿಗೆಯ ಗೆರೆ ಮುಚ್ಚಿಹೋಗುತ್ತದೆ. ನುಣುಪು ರೇಷ್ಮೆಗೆ ನಾನು ಮಟ್ಟಕ್ಕೇ ಇಡುತ್ತೇನೆ. ಟೈಮಿಂಗೂ ಅಷ್ಟೇ. ಹಣಿಗೆ ಬಡಿಯುವ ಹೊತ್ತಿಗೆ ಮೇಲಿನ, ಕೆಳಗಿನ ಎಳೆಗಳು ಒಂದನ್ನೊಂದು ದಾಟಿ ಮುಂದಿನ ಬಾಯಿ ತೆರೆದಿದ್ದರೆ ಹೊಕ್ಕು ಹಿಂದೆ ಜಾರುವುದಿಲ್ಲ, ಆದರೆ ಬಿಗಿದ ಎಳೆಯ ಮೇಲೆ ಹಣಿಗೆ ಉಜ್ಜುತ್ತದೆ. ರೇಷ್ಮೆಗೆ ತಡವಾಗಿ ದಾಟಿಸುವುದೇ ಒಳ್ಳೆಯದು.

ಸೆರಗು ಬಂದಾಗ ಲೆಕ್ಕ ತಿರುಗುತ್ತದೆ. ಅಲ್ಲಿ ಜರಿ ಹೊಕ್ಕು ಸೇರಿ ಒತ್ತು ಜಾಸ್ತಿ. ಹಾಸಿನಲ್ಲಿ ಬಿಗಿ ಸಾಲದಿದ್ದರೆ ಬಡಿದಾಗಲೆಲ್ಲ ಬಟ್ಟೆಯೇ ಮುಂದಕ್ಕೆ ತಳ್ಳಿಕೊಂಡು ಸಡಿಲವಾಗುತ್ತದೆ, ಹಣಿಗೆ ಬಟ್ಟೆಗೆ ಗುದ್ದಿದ ಸದ್ದು ಕೇಳುತ್ತದೆ. ಆಗ ಮಾತ್ರ ತೂಕ ಏರಿಸುತ್ತೇನೆ. ಸೆರಗು ಮುಗಿದ ಮೇಲೆ ಇಳಿಸಲು ಮರೆಯಬಾರದು.

ತೂಕದ ವಿಷಯಕ್ಕೆ ಬಂದರೆ, ನಮ್ಮದು ಚೈನು ಸುತ್ತಿ ಸನ್ನೆಗೆ ತೂಕ ನೇತುಹಾಕುವ ಹಳೇ ಪದ್ಧತಿ. ಚೈನಿನ ಹಿಡಿತ ಅಷ್ಟೇ ಇರುತ್ತದೆ, ಬೀಮು ಮಾತ್ರ ಸಣ್ಣಗಾಗುತ್ತಾ ಬರುತ್ತದೆ. ಹಾಸು ಸುತ್ತಿದ ಬೀಮಿನ ವ್ಯಾಸ 24 ಸೆಂ.ಮೀ.ಯಿಂದ 12ಕ್ಕೆ ಇಳಿದರೆ, ತೂಕ ಹಾಗೇ ಬಿಟ್ಟಿದ್ದರೆ, ಎಳೆಯ ಬಿಗಿ ಎರಡು ಪಟ್ಟಾಗಿರುತ್ತದೆ. ಬೀಮಿನ ಕೊನೆಯಲ್ಲಿ ಎಳೆ ಪಟಪಟ ಕಿತ್ತರೆ "ನೂಲೇ ಸರಿ ಇಲ್ಲ" ಅಂತ ಸುಮ್ನೆ ನೂಲು ಕೊಟ್ಟವರನ್ನು ಬೈಯುತ್ತಾರೆ. ನಾನು ಸನ್ನೆಯ ಮೇಲೆ ಸೀಮೆಸುಣ್ಣದ ಗೆರೆಗಳನ್ನು ಹಾಕಿಟ್ಟಿದ್ದೇನೆ. ಬೀಮು ಇಳಿದಂತೆ ತೂಕ ಒಂದೊಂದೇ ಗೆರೆ ಒಳಕ್ಕೆ ಸರಿಯುತ್ತದೆ.

ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಗಳೂರಿನ ಗಾಳಿ ಒಣಗುತ್ತದೆ, ಎಳೆ ಪೆಡಸಾಗುತ್ತದೆ. ನೆಲಕ್ಕೆ ನೀರು ಹಾಕಿ ಒದ್ದೆ ಗೋಣಿಚೀಲ ಹಾಸುತ್ತೇವೆ.

ಶನಿವಾರ ಸಂಜೆ ಎಳೆ ಮಟ್ಟಕ್ಕೆ ತಂದು, ತೂಕ ತೆಗೆದು ಮಗ್ಗ ಬಿಡುತ್ತೇವೆ. ಬಾಯಿ ತೆರೆದೇ ಬಿಗಿಯಲ್ಲಿ ನಿಂತರೆ ಭಾನುವಾರವಿಡೀ ಎಳೆ ಹಿಗ್ಗಿ, ಸೋಮವಾರ ಶುರು ಮಾಡಿದ ಜಾಗದಲ್ಲಿ ಅಡ್ಡಗೆರೆ ಬೀಳುತ್ತದೆ. ತಿಳಿ ಬಣ್ಣದ ಸೀರೆಯಲ್ಲಂತೂ ಎದ್ದು ಕಾಣುತ್ತದೆ. ವ್ಯಾಪಾರಿ ಸೀರೆಯನ್ನು ಬೆಳಕಿಗೆ ಹಿಡಿದು ಮೊದಲು ಹುಡುಕುವುದು ಆ ಗೆರೆಯನ್ನೇ, ರೇಟಿನ ಮಾತು ಆಮೇಲೆ.