ಸ್ವಂತ ಸರ್ವರ್, ಬೇರೆಯವರ ಸೈಟು: ನನ್ನ ಅನುಭವ

ಹೋಸ್ಟಿಂಗ್‌ಗೆ, ಅಂದರೆ ಬೇರೆಯವರ ಸೈಟನ್ನು ನನ್ನ ಸರ್ವರ್‌ನಲ್ಲಿ ಇಟ್ಟು ನಡೆಸುವ ಕೆಲಸಕ್ಕೆ, ಇಳಿಯುವ ಮೊದಲು ನಾನು ವೆಬ್‌ಸೈಟ್ ಮಾಡಿಕೊಡುವ ಕೆಲಸದಲ್ಲಿದ್ದೆ. ಸೈಟ್ ಸಿದ್ಧವಾದ ಮೇಲೆ ಅದನ್ನು ಎಲ್ಲಾದರೂ ಇಡಬೇಕಲ್ಲ, ಯಾವುದಾದರೂ ಕಂಪನಿಯ, ಒಂದೇ ಸರ್ವರ್‌ನಲ್ಲಿ ಹಲವರ ಸೈಟ್ ಇಡುವ ಶೇರ್ಡ್ ಹೋಸ್ಟಿಂಗ್ ಕೊಡಿಸುತ್ತಿದ್ದೆ. ಆದರೆ ಸೈಟ್ ನಿಂತಾಗ ಫೋನ್ ಬರುತ್ತಿದ್ದುದು ನನಗೆ. "ಸರ್, ಬೆಳಗ್ಗೆಯಿಂದ ಸೈಟ್ ಓಪನ್ ಆಗ್ತಾ ಇಲ್ಲ" ಎಂದು ಗ್ರಾಹಕರು ಹೇಳಿದರೆ ಆ ಕಂಪನಿಗೆ ಟಿಕೆಟ್ (ದೂರು) ಹಾಕಿ ಕಾಯುವುದು ಬಿಟ್ಟು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಜನರಿಗೆ ಉತ್ತರ ಹೇಳಬೇಕಾದವನು ನಾನೇ ಆದರೆ ಸರ್ವರ್ ಕೂಡ ನನ್ನ ಕೈಗೆ ಎಟುಕುವ ಹಾಗೆ ಇರಬೇಕು ಅನ್ನಿಸಿತು. ಶುರುವಾದದ್ದು ಅಲ್ಲಿಂದ.

ಮೊದಲು ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟು ನೋಡಿದೆ. ಐಪಿ (ಇಂಟರ್ನೆಟ್‌ನಲ್ಲಿ ಯಂತ್ರದ ವಿಳಾಸ) ಆಗಾಗ ಬದಲಾಗುತ್ತಿತ್ತು, ಅಪ್‌ಲೋಡ್ ವೇಗ ಸಾಲುತ್ತಿರಲಿಲ್ಲ, ಮೇಲ್ ಹೊರಹೋಗುವ 25ನೇ ಪೋರ್ಟ್ ಎಂಬ ದಾರಿ ಮುಚ್ಚಿತ್ತು. ಕಲಿಯಲು ಸಾಕು, ದುಡ್ಡು ಕೊಟ್ಟವರ ಸೈಟ್ ಇಡಲು ಸಾಲದು. ಹಾಗಾಗಿ ಬಳಸಿದ ಎರಡು 1ಯು (ತೆಳು ಗಾತ್ರದ) ಸರ್ವರ್ ಕೊಂಡು ಡೇಟಾ ಸೆಂಟರ್‌ನಲ್ಲಿ ಕೊಲೊಕೇಶನ್ ತೆಗೆದುಕೊಂಡೆ. ಯಂತ್ರ ನಮ್ಮದು, ಜಾಗ, ಕರೆಂಟು, ನೆಟ್‌ವರ್ಕ್ ಅವರದು.

ಹಳೆಯ ಸರ್ವರ್ ಕೊಳ್ಳುವುದು ತಪ್ಪಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಮೂರು ವಿಷಯದಲ್ಲಿ ರಾಜಿ ಬೇಡ: ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ, ಎರಡು ಪವರ್ ಸಪ್ಲೈ, ಮತ್ತು ಆಪರೇಟಿಂಗ್ ಸಿಸ್ಟಮ್ ಸತ್ತಿದ್ದರೂ ದೂರದಿಂದ ಸ್ಕ್ರೀನ್ ತೋರಿಸುವ ಐಪಿಎಂಐ. ಕೊನೆಯದು ಇಲ್ಲದಿದ್ದರೆ ಒಂದು ರೀಬೂಟ್‌ಗೆ ನಡುರಾತ್ರಿ ಡೇಟಾ ಸೆಂಟರ್‌ಗೆ ಓಡಬೇಕು. ಐಪಿಎಂಐಯನ್ನು ಮಾತ್ರ ನೇರ ಇಂಟರ್ನೆಟ್‌ಗೆ ಬಿಡಬೇಡಿ, ಅನುಮತಿ ಇದ್ದವರಷ್ಟೇ ಹಾಯುವ ಖಾಸಗಿ ದಾರಿಯಾದ ವಿಪಿಎನ್ ಹಿಂದೆ ಇಡಿ. ಡಿಸ್ಕ್ ಮಾತ್ರ ಹೊಸದೇ ತೆಗೆದುಕೊಂಡೆ. ಮನೆಬಳಕೆಯ ಎಸ್‌ಎಸ್‌ಡಿ ಹಾಕಿ ನೋಡಿದ್ದೆ. ಕರೆಂಟ್ ಹೋದರೂ ಬರೆಯುತ್ತಿರುವುದನ್ನು ಉಳಿಸುವ ಕೆಪಾಸಿಟರ್ ಸಾಮಾನ್ಯವಾಗಿ ಅದರಲ್ಲಿರುವುದಿಲ್ಲ, ಡೇಟಾಬೇಸ್ ಪ್ರತಿ ಬರಹಕ್ಕೂ ಖಾತ್ರಿ ಕೇಳತೊಡಗಿದಾಗ ಅದು ಕುಂಟುತ್ತದೆ.

ಕರೆಂಟಿನ ಲೆಕ್ಕವನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಒಂದು ಸರ್ವರ್ 150 ವ್ಯಾಟ್ ಎಳೆದರೆ 30 ದಿನಕ್ಕೆ 108 ಯೂನಿಟ್, ಅದನ್ನು ತಂಪಾಗಿಡುವ ಖರ್ಚು ಬೇರೆ. ಯಂತ್ರಕ್ಕೆ ಕೊಡುವುದು ಒಮ್ಮೆ, ಕರೆಂಟಿಗೆ ಕೊಡುವುದು ಪ್ರತಿ ತಿಂಗಳು. ಎರಡು ವರ್ಷದ ಬಿಲ್ ಕೂಡಿಸಿ ನೋಡಿದ ಮೇಲೆ, ಅಗ್ಗವೆಂದು ತಂದ ಹಳೆಯ ಯಂತ್ರಗಳಲ್ಲಿ ಒಂದನ್ನು ತೆಗೆದು ಹೊಸದು ಹಾಕಿದೆ.

ಈಗ ಡಿಸ್ಕಿನ ಕಥೆ. ಎಂಟನೇ ತಿಂಗಳು. ಮೊದಲ ಸರ್ವರ್‌ನಲ್ಲಿ ಎರಡು ಡಿಸ್ಕ್ ರೈಡ್ 1ರಲ್ಲಿದ್ದವು, ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ. ಅವುಗಳಲ್ಲಿ ಒಂದು ಕೆಡುತ್ತಿದೆ ಎಂದು ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ತಿಳಿಸುವ ಸ್ಮಾರ್ಟ್ ವರದಿ ಎಚ್ಚರಿಸಿತ್ತು: ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದವು. ಗ್ರಾಹಕರಿಗೆ ತೊಂದರೆಯಾಗದಿರಲಿ ಎಂದು ರಾತ್ರಿ ಒಂದೂವರೆಗೆ ಹೊಸ ಡಿಸ್ಕ್ ಹಿಡಿದು ಹೋದೆ. ಪರದೆಯ ಮೇಲೆ ಕೆಟ್ಟದ್ದು "ಡಿಸ್ಕ್ 1" ಎಂದಿತ್ತು. ಸರ್ವರ್ ಮುಖದ ಮೇಲೂ 1 ಎಂದು ಅಚ್ಚಾಗಿತ್ತು. ಹಿಡಿ ಒತ್ತಿ ಎಳೆದೆ. ಸಾಫ್ಟ್‌ವೇರ್ ಎಣಿಸುವುದು ಸೊನ್ನೆಯಿಂದ, ಪೆಟ್ಟಿಗೆ ತಯಾರಿಸಿದವರು ಎಣಿಸಿದ್ದು ಒಂದರಿಂದ. ನಾನು ಎಳೆದದ್ದು ಚೆನ್ನಾಗಿದ್ದ ಡಿಸ್ಕನ್ನು.

ಗೊತ್ತಾಗಲು ನಾಲ್ಕು ನಿಮಿಷ ಹಿಡಿಯಿತು. ಅಷ್ಟರಲ್ಲಿ ಕೆಟ್ಟ ಡಿಸ್ಕ್ ಒಂದೇ ಭಾರ ಹೊತ್ತು, ಒಂದು ಓದಿಗೆ ತಡವರಿಸಿ, ಫೈಲ್ ಸಿಸ್ಟಮ್ ಬರೆಯುವುದನ್ನೇ ನಿಲ್ಲಿಸಿತು. ಕೈ ನಡುಗುತ್ತಿತ್ತು. ಹೊರತೆಗೆದದ್ದನ್ನು ಗಡಿಬಿಡಿಯಲ್ಲಿ ಹಾಗೆಯೇ ಮತ್ತೆ ತೂರಿಸಿದರೆ, ಅದರಲ್ಲಿರುವುದು ಹಳತಾಗಿದೆ ಎಂದು ಸರ್ವರ್ ಎಣಿಸಿ ಅದರ ಮೇಲೆಯೇ ಕೆಟ್ಟ ಡಿಸ್ಕಿನಿಂದ ನಕಲು ಶುರುವಾಗಬಹುದಿತ್ತು. ಅದೊಂದನ್ನು ಮಾಡಲಿಲ್ಲ. ಸರ್ವರ್ ಆಫ್ ಮಾಡಿ, ಕೆಟ್ಟದ್ದನ್ನು ಹೊರಗಿಟ್ಟು, ಚೆನ್ನಾಗಿದ್ದದ್ದರಿಂದ ಮಾತ್ರ ಬಲವಂತವಾಗಿ ಅರೇ (ಡಿಸ್ಕ್‌ಗಳ ಕೂಟ) ಜೋಡಿಸಿ ಎಬ್ಬಿಸಿದೆ. ಒಟ್ಟು ನಲವತ್ತು ನಿಮಿಷ ಸೈಟ್‌ಗಳು ಇರಲಿಲ್ಲ. ಶೇ. 99.9 ಅಪ್‌ಟೈಮ್ (ಸೈಟ್ ಚಾಲ್ತಿಯಲ್ಲಿರುವ ಸಮಯ) ಎಂದು ಮಾತು ಕೊಟ್ಟಿದ್ದೆ. 30 ದಿನದ ತಿಂಗಳಲ್ಲಿ ಅದು ಬಿಟ್ಟುಕೊಡುವುದು 43 ನಿಮಿಷ, ಹೆಚ್ಚುಕಡಿಮೆ ಪೂರ್ತಿ ಆ ಒಂದೇ ರಾತ್ರಿ ಮುಗಿಯಿತು. ಆ ನಾಲ್ಕು ನಿಮಿಷದಲ್ಲಿ ಬರೆದದ್ದು ಕೂಡ ಹೋಯಿತು. ಒಂದು ಆನ್‌ಲೈನ್ ಅಂಗಡಿಯ ಎರಡು ಆರ್ಡರ್ ಅದರಲ್ಲಿದ್ದವು. ಬೆಳಗಾಗುವುದನ್ನೇ ಕಾದು ಅಂಗಡಿಯವರಿಗೆ ನಾನೇ ಫೋನ್ ಮಾಡಿ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಪೇಮೆಂಟ್ ದಾಖಲೆ ನೋಡಿ ಇಬ್ಬರೂ ಸೇರಿ ಆ ಆರ್ಡರ್‌ಗಳನ್ನು ಮತ್ತೆ ಸೇರಿಸಿದೆವು.

ಈಗ ಪ್ರತಿ ಡಿಸ್ಕ್ ಟ್ರೇಯ ಮುಂದೆ ಆ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಅಂಟಿಸಿದ್ದೇನೆ. ಎಳೆಯುವ ಮೊದಲು ಅದರ ದೀಪ ಮಿನುಗಿಸಿ, ನಂಬರ್ ಗಟ್ಟಿಯಾಗಿ ಓದಿ, ಆಮೇಲೆಯೇ ಕೈ ಹಾಕುವುದು.

ಆ ರಾತ್ರಿಯ ನಂತರ ಬ್ಯಾಕಪ್ ಬಗ್ಗೆ ಯೋಚಿಸಿದ ರೀತಿಯೇ ಬದಲಾಯಿತು. ರೈಡ್ ಬ್ಯಾಕಪ್ ಅಲ್ಲ ಎಂಬ ಮಾತು ಗೊತ್ತಿತ್ತು. ಗ್ರಾಹಕರು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಯುತ್ತದೆ. ಹಾಗಾಗಿ ಎರಡನೇ ಸರ್ವರ್‌ಗೆ ದಿನವೂ ಪ್ರತಿ ಹೋಗುತ್ತಿತ್ತು. ಆದರೆ ಅದೂ ಸರ್ವರ್ ಜೋಡಿಸಿಡುವ ಅದೇ ರ‍್ಯಾಕ್‌ನಲ್ಲಿತ್ತು. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. ಅದನ್ನು ಓದಿದವನಿಗೆ ಒಂದೇ ರ‍್ಯಾಕ್‌ನ ಬ್ಯಾಕಪ್ ನೆಮ್ಮದಿ ಕೊಡಲಾರದು. ಈಗ ಒಂದು ಪ್ರತಿ ಬೇರೆ ಊರಿನ ಬೇರೆ ಡೇಟಾ ಸೆಂಟರ್‌ನಲ್ಲಿದೆ. ಅಲ್ಲಿಯ ಯಂತ್ರವೇ ಬಂದು ಎಳೆದುಕೊಂಡು ಹೋಗುತ್ತದೆ, ಇಲ್ಲಿಂದ ಅಲ್ಲಿಗೆ ಬರೆಯುವ ಅಧಿಕಾರವೇ ಇಲ್ಲ. ಇಲ್ಲಿಗೆ ಯಾರಾದರೂ ನುಗ್ಗಿದರೂ ಬ್ಯಾಕಪ್ ಅಳಿಸಲು ಅವರಿಗೆ ದಾರಿಯಿಲ್ಲ.

ಇದರಿಂದ ಬ್ಯಾಂಡ್‌ವಿಡ್ತ್ ಬಿಲ್ ಏರಿತು, ಯಾಕೆಂದು ತಿಳಿಯಲು ಒಂದು ವಾರ ಬೇಕಾಯಿತು. ನಮಗೆ 95ನೇ ಪರ್ಸೆಂಟೈಲ್ ಲೆಕ್ಕದಲ್ಲಿ ಬಿಲ್. ಐದು ನಿಮಿಷಕ್ಕೊಮ್ಮೆ ವೇಗ ಅಳೆಯುತ್ತಾರೆ, 30 ದಿನಕ್ಕೆ 8,640 ಅಳತೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚಿನ ಶೇ. 5ರಷ್ಟನ್ನು, ಅಂದರೆ 36 ಗಂಟೆಯ ಅಳತೆಗಳನ್ನು ಬಿಟ್ಟು, ಉಳಿದವುಗಳಲ್ಲಿ ದೊಡ್ಡದಕ್ಕೆ ದುಡ್ಡು. ನನ್ನ ಬ್ಯಾಕಪ್ ದಿನಕ್ಕೆ ಎರಡು ಗಂಟೆ ಲೈನ್ ತುಂಬಿ ಓಡುತ್ತಿತ್ತು, ತಿಂಗಳಿಗೆ 60 ಗಂಟೆ. ಬಿಟ್ಟುಕೊಡುವ 36 ಗಂಟೆ ದಾಟಿ, ಇಡೀ ತಿಂಗಳಿಗೆ ಬ್ಯಾಕಪ್ಪಿನ ವೇಗವೇ ಬಿಲ್ಲಾಗಿತ್ತು. ವೇಗಕ್ಕೆ ಕಡಿವಾಣ ಹಾಕಿ, ಬದಲಾದ ಭಾಗ ಮಾತ್ರ ಕಳಿಸುವ ಹಾಗೆ ಮಾಡಿ, ಹಗಲಿನ ಸಾಮಾನ್ಯ ಓಡಾಟಕ್ಕಿಂತ ಕೆಳಗೆ ಇಳಿಸಿದೆ.

ಪ್ರತಿ ತಿಂಗಳ ಮೊದಲ ಭಾನುವಾರ ಯಾವುದಾದರೂ ಒಂದು ಖಾತೆ ಆರಿಸಿ, ಖಾಲಿ ಯಂತ್ರದ ಮೇಲೆ ಪೂರ್ತಿ ರಿಸ್ಟೋರ್ ಮಾಡಿ ನೋಡುತ್ತೇನೆ. ಮೊದಲ ಸಲ ಮಾಡಿದಾಗಲೇ ಎದೆ ಧಸಕ್ಕೆಂದಿತ್ತು: ಫೈಲ್‌ಗಳೆಲ್ಲ ಸರಿ, ಡೇಟಾಬೇಸ್ ಡಂಪ್ (ಡೇಟಾಬೇಸನ್ನು ಫೈಲಿಗೆ ಇಳಿಸಿದ ಪ್ರತಿ) ಮಾತ್ರ ಅರ್ಧಕ್ಕೆ ನಿಂತಿತ್ತು. ನಡುವೆ ಡಿಸ್ಕ್ ತುಂಬಿತ್ತು, ನನ್ನ ಸ್ಕ್ರಿಪ್ಟ್ ಅದನ್ನು ನೋಡದೆ "ಯಶಸ್ವಿ" ಎಂದು ಮೇಲ್ ಕಳಿಸುತ್ತಿತ್ತು. ಡಂಪ್ ಪೂರ್ತಿಯಾದರೆ ಕಡೆಯ ಸಾಲಿನಲ್ಲಿ "ಡಂಪ್ ಕಂಪ್ಲೀಟೆಡ್" ಎಂದಿರುತ್ತದೆ. ಈಗ ಸ್ಕ್ರಿಪ್ಟ್ ಆ ಸಾಲು ಹುಡುಕುತ್ತದೆ, ಸಿಗದಿದ್ದರೆ ನನ್ನನ್ನು ಎಬ್ಬಿಸುತ್ತದೆ.

ಇಷ್ಟಾದರೂ ಹೆಚ್ಚು ಹೊತ್ತು ತಿನ್ನುವುದು ಸೈಟ್ ಅಲ್ಲ, ಮೇಲ್. ಐಪಿವಿ4 (ಹಳೆಯ ಮಾದರಿಯ ಐಪಿ) ವಿಳಾಸಗಳ ಕೊನೆಯ ದೊಡ್ಡ ಬ್ಲಾಕ್‌ಗಳನ್ನು 2011ರ ಫೆಬ್ರುವರಿಯಲ್ಲೇ ಹಂಚಿ ಮುಗಿಸಿದ್ದಾರೆ. ಹಾಗಾಗಿ "ಹೊಸದು" ಎಂದು ನಮಗೆ ಸಿಗುವ ಐಪಿ ಸಾಮಾನ್ಯವಾಗಿ ಯಾರೋ ಬಳಸಿ ಬಿಟ್ಟದ್ದೇ. ನನಗೆ ಕೊಟ್ಟದ್ದರಲ್ಲಿ ಮೂರು ಆಗಲೇ, ಸ್ಪ್ಯಾಮ್ ಕಳಿಸುವ ಐಪಿಗಳ ಮೇಲ್ ತಿರಸ್ಕರಿಸಲು ಇಟ್ಟ ಬ್ಲ್ಯಾಕ್‌ಲಿಸ್ಟ್‌ನಲ್ಲಿದ್ದವು. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಐಪಿ ಪಟ್ಟಿ ಕೇಳಿ ಒಂದೊಂದನ್ನೂ ಪರೀಕ್ಷಿಸಿ. ಒಂದು ಐಪಿ ಯಾವ ಹೆಸರಿನದು ಎಂದು ಹೇಳುವ ರಿವರ್ಸ್ ಡಿಎನ್‌ಎಸ್ ಬದಲಿಸುವುದು ಯಾರ ಕೈಯಲ್ಲಿದೆ ಎಂದೂ ಆಗಲೇ ಕೇಳಿಕೊಳ್ಳಿ.

ನಂತರ ಒಂದು ಬೆಳಗ್ಗೆ ಎದ್ದು ನೋಡಿದರೆ ಮೇಲ್ ಸರದಿಯಲ್ಲಿ 38 ಸಾವಿರ ಮೇಲ್. ಒಬ್ಬ ಗ್ರಾಹಕರ ಸೈಟ್ ನಡೆಸುವ ವರ್ಡ್‌ಪ್ರೆಸ್‌ನಲ್ಲಿ ಎರಡು ವರ್ಷದಿಂದ ಅಪ್‌ಡೇಟ್ ಕಾಣದ ಪ್ಲಗಿನ್ (ಸೇರಿಸಿಕೊಳ್ಳುವ ಉಪ ಸಾಫ್ಟ್‌ವೇರ್) ಇತ್ತು, ಅದರ ಮೂಲಕ ಯಾರೋ ನುಗ್ಗಿ ರಾತ್ರಿಯಿಡೀ ಸ್ಪ್ಯಾಮ್ ಕಳಿಸಿದ್ದರು. ಒಬ್ಬರ ಸೈಟಿನಿಂದಾಗಿ ಆ ಐಪಿ ಮೇಲಿದ್ದ ಎಲ್ಲರ ಮೇಲ್ ವಾಪಸ್ ಬರತೊಡಗಿತು. ಪಟ್ಟಿಯಿಂದ ಹೊರಬರಲು ಎರಡು ದಿನ ಹಿಡಿಯಿತು. ಕಾರಣ ಸರಿಪಡಿಸದೆ ಅರ್ಜಿ ಹಾಕಿದರೆ ಮತ್ತೆ ಸೇರಿಸುತ್ತಾರೆ, ಆಗ ಇನ್ನೂ ಕಷ್ಟ. ಅಂದಿನಿಂದ ಒಂದು ಖಾತೆಗೆ ಗಂಟೆಗೆ 100 ಮೇಲ್ ಮಿತಿ, ಸರದಿ 200 ದಾಟಿದರೆ ನನಗೆ ಎಚ್ಚರಿಕೆ, ಫಾರ್ಮ್‌ನಿಂದ ಹೋಗುವ ಮೇಲ್‌ಗೂ ಪಾಸ್‌ವರ್ಡ್ ಬೇಕೇ ಬೇಕು. ಪ್ರತಿ ಡೊಮೇನ್‌ಗೂ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ (ಮೇಲ್ ನಿಜಕ್ಕೂ ಆ ಡೊಮೇನಿನದೇ ಎಂದು ತೋರಿಸುವ ದಾಖಲೆಗಳು) ನಾನೇ ಹಾಕಿಕೊಡುತ್ತೇನೆ. 2024ರ ಫೆಬ್ರುವರಿಯಿಂದ ದಿನಕ್ಕೆ 5,000ಕ್ಕೂ ಹೆಚ್ಚು ಮೇಲನ್ನು ಜೀಮೇಲ್ ಖಾತೆಗಳಿಗೆ ಕಳಿಸುವವರಿಗೆ ಈ ಮೂರನ್ನೂ ಜೀಮೇಲ್ ಕಡ್ಡಾಯ ಮಾಡಿದೆ. ಸಣ್ಣವರಿಗೂ ಇವಿಲ್ಲದೆ ಮೇಲ್ ತಲುಪುವುದು ಕಷ್ಟ.

"ಅನ್‌ಲಿಮಿಟೆಡ್" ಪ್ಲಾನ್ ಮಾರುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ. ಡಿಸ್ಕಿಗೆ ಅಂಚಿದೆ, ಮೆಮೊರಿಗೆ ಅಂಚಿದೆ, ಇಲ್ಲವೆಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಸೈಟಿನ ಪುಟ ತಯಾರಿಸುವ ಒಂದು ಪಿಎಚ್‌ಪಿ ಪ್ರೊಸೆಸ್ ನಮ್ಮಲ್ಲಿ ಸುಮಾರು 60 ಎಂಬಿ ಮೆಮೊರಿ ಹಿಡಿಯುತ್ತದೆ. ಅದರ ಮೇಲೆ ಲೆಕ್ಕ ಹಾಕಿ ಪ್ರತಿ ಖಾತೆಗೂ ಮಿತಿ ಇಟ್ಟು, ಒಂದು ಸರ್ವರ್‌ಗೆ 150 ಖಾತೆಗೆ ನಿಲ್ಲಿಸಿದ್ದೇನೆ. ಇನ್ನೂರು ಹಿಡಿಯುತ್ತದೆ, ಆದರೆ ಒಂದು ಸರ್ವರ್ ಸತ್ತರೆ ಅದರ ಕೆಲವು ಸೈಟ್‌ಗಳನ್ನಾದರೂ ಇನ್ನೊಂದರ ಮೇಲೆ ತಾತ್ಕಾಲಿಕವಾಗಿ ಎಬ್ಬಿಸಲು ಜಾಗ ಬೇಕು.

ಕಳೆದ ತಿಂಗಳು ನನ್ನ ಮೊದಲ ಗ್ರಾಹಕರಲ್ಲಿ ಒಬ್ಬರು ಬೇರೆ ಕಡೆ ಹೋದರು. ಅವರ ಕೆಲಸ ದೊಡ್ಡದಾಗಿದೆ, ನನ್ನ ಸರ್ವರ್ ಸಾಲದು. ಹೊರಡುವ ಎರಡು ದಿನ ಮೊದಲು ಅವರ ಡಿಎನ್‌ಎಸ್ ಟಿಟಿಎಲ್ (ಸೈಟಿನ ಐಪಿಯನ್ನು ಬೇರೆ ಕಂಪ್ಯೂಟರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) 86,400 ಸೆಕೆಂಡಿನಿಂದ 300ಕ್ಕೆ ಇಳಿಸಿದೆ. ಫೈಲ್, ಡೇಟಾಬೇಸ್, ಏಳು ವರ್ಷದ ಮೇಲ್‌ಬಾಕ್ಸ್ ಎಲ್ಲ ಕಟ್ಟಿ ಕೊಟ್ಟು, ಆ ಕಡೆ ರಿಸ್ಟೋರ್ ಆಗುವವರೆಗೆ ಅವರ ಜೊತೆ ಫೋನಿನಲ್ಲಿದ್ದೆ. ದಾರಿ ತಪ್ಪಿ ಹಳೆಯ ಸರ್ವರ್‌ಗೆ ಬರುವ ಮೇಲ್‌ಗಾಗಿ ಅವರ ಖಾತೆಯನ್ನು ಇನ್ನೂ ಹದಿನೈದು ದಿನ ತೆರೆದಿಟ್ಟಿದ್ದೆ. ಒಂಬತ್ತು ಮೇಲ್ ಬಂದವು, ಎಲ್ಲವನ್ನೂ ಅವರಿಗೆ ತಲುಪಿಸಿದೆ.