ಬೀಳುವ ಗೊಂಬೆಗೆ ಒದೆಯಲು ಕಲಿಸುವುದು ಹೇಗೆ?

ಫೈಟಿಂಗ್ ಗೇಮ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಟನ್ ಕುಟ್ಟುವ ಸದ್ದು. ಸ್ಟ್ರೀಟ್ ಫೈಟರ್, ಟೆಕ್ಕೆನ್, ಮಾರ್ಟಲ್ ಕಾಂಬ್ಯಾಟ್. ಯಾವುದು ಒತ್ತಿದೆವು ಅಂತ ನಮಗೇ ಗೊತ್ತಿರದಿದ್ದರೂ ಪರದೆಯ ಮೇಲಿನ ಮನುಷ್ಯ ಏನಾದರೊಂದು ಗುದ್ದು ಹಾಕುತ್ತಾನೆ. ಟೋರಿಬ್ಯಾಶ್‌ನಲ್ಲಿ ಆ ಉಪಕಾರವೂ ಇಲ್ಲ. ಮೊದಲ ಸಲ ತೆರೆದು ಸ್ಪೇಸ್ ಬಾರ್ ಒತ್ತಿದೆ. ನನ್ನ ಗೊಂಬೆ ಒದ್ದೆ ಬಟ್ಟೆಯ ಹಾಗೆ ನೆಲಕ್ಕೆ ಕುಸಿಯಿತು. ಎದುರಾಳಿ ಮುಟ್ಟಿಯೂ ಇರಲಿಲ್ಲ.

ಹಿಂದೆ ನಿಂತು ನೋಡುತ್ತಿದ್ದ ಅಮ್ಮ, "ಏನೋ ಇದು, ಜ್ವರ ಬಂದಿದ್ಯಾ ಅದಕ್ಕೆ?" ಅಂದರು.

ಮೂರು ಸಲ ಅಳಿಸಿ, ನಾಲ್ಕು ಸಲ ಹಾಕಿಕೊಂಡ ಆಟ ಇದು. ಈಗ ಇಷ್ಟವಾಗಿದೆ. ಆದರೆ ಆ ದಾರಿಯಲ್ಲಿ ಸುಮ್ನೆ ಹಾಳಾದ ಸಂಜೆಗಳು ಬಹಳ. ನಿಮಗೆ ಅವು ಉಳಿಯಲಿ ಅಂತ ಈ ಬರಹ.

ಮೊದಲು ಆಟದ ಪರಿಚಯ. 2006ರಲ್ಲಿ ಬಂದದ್ದು. ಸ್ವೀಡನ್ನಿನ ಹ್ಯಾಂಪಸ್ ಸೋಡರ್‌ಸ್ಟ್ರೋಮ್ ಬರೆದ ಆಟ, ಹೊರತಂದದ್ದು ಸಿಂಗಪುರದ ನಾಬಿ ಸ್ಟುಡಿಯೋಸ್. 2014ರಿಂದ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಉಚಿತವಾಗಿ ಸಿಗುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ನನ್ನದೇ ಸಾಕ್ಷಿ. ನಿಮ್ಮ ಗೊಂಬೆಯ ಹೆಸರು ಟೋರಿ, ಎದುರಿನದು ಊಕೆ. ಎರಡೂ ಜಪಾನಿನ ಸಮರಕಲೆಗಳ ಮಾತು: ಪಟ್ಟು ಹಾಕುವವನು ಟೋರಿ, ಹಾಕಿಸಿಕೊಳ್ಳುವವನು ಊಕೆ. ರಕ್ತ ಚಿಮ್ಮುತ್ತದೆ, ಕೈಕಾಲು ಕಳಚಿ ಹಾರುತ್ತವೆ. ಚಿಕ್ಕ ಮಕ್ಕಳಿಗೆ ಬೇಡ.

ಹೆಜ್ಜೆ 1: ಬೆರಳನ್ನು ಮರೆಯಿರಿ

ಇಲ್ಲಿ 'ಗುದ್ದು' ಅಂತ ಒಂದು ಬಟನ್ ಇಲ್ಲ. 'ಒದೆ' ಅಂತಲೂ ಇಲ್ಲ. ಇರುವುದು 20 ಕೀಲುಗಳು: ಕುತ್ತಿಗೆ, ಎದೆ, ಸೊಂಟ, ಹೊಟ್ಟೆ, ಭುಜ, ಮೊಣಕೈ, ಮಣಿಕಟ್ಟು, ಮೊಣಕಾಲು, ಹೀಗೆ. ಒಂದೊಂದು ಕೀಲಿಗೂ ನಾಲ್ಕು ಸ್ಥಿತಿ. ಮಡಚಬಹುದು, ಚಾಚಬಹುದು, ಬಿಗಿ ಹಿಡಿಯಬಹುದು, ಸಡಿಲ ಬಿಡಬಹುದು. ಎದೆ, ಸೊಂಟದಂಥ ಕೀಲುಗಳಲ್ಲಿ ಮಡಚು-ಚಾಚುವಿನ ಬದಲು ಎಡಕ್ಕೆ-ಬಲಕ್ಕೆ.

ಯಾವ ಕೀಲು ಏನು ಮಾಡಬೇಕು ಅಂತ ಹೇಳಿ ಸ್ಪೇಸ್ ಬಾರ್ ಒತ್ತಿದರೆ ಆಟ ಸ್ವಲ್ಪ ಮುಂದೆ ಹೋಗಿ ಮತ್ತೆ ನಿಲ್ಲುತ್ತದೆ. ಸಾಮಾನ್ಯ ಪಂದ್ಯದಲ್ಲಿ ಒಂದು ಸರದಿಗೆ 10 ಫ್ರೇಮ್ (ಚಲನೆಯ ಒಂದೊಂದು ಬಿಡಿ ಚಿತ್ರ), ಇಡೀ ಪಂದ್ಯಕ್ಕೆ 500. ಅಂದರೆ 50 ಸರದಿ. ಚದುರಂಗದ ಹಾಗೆ ಯೋಚಿಸಿ ನಡೆಸುವ ಹೊಡೆದಾಟ ಅನ್ನಿ. ಆದರೆ ಇಬ್ಬರೂ ಒಟ್ಟಿಗೇ ನಡೆಸುತ್ತಾರೆ.

ಇಲ್ಲೊಂದು ಲೆಕ್ಕ ಹಾಕಿ ನೋಡಿ. ನಾಲ್ಕು ಸ್ಥಿತಿಯ 20 ಕೀಲು ಅಂದರೆ ಒಂದೇ ಸರದಿಯಲ್ಲಿ ಒಂದು ಲಕ್ಷ ಕೋಟಿಗೂ ಜಾಸ್ತಿ ಆಯ್ಕೆಗಳು. ತಲೆ ತಿರುಗಿತಲ್ವಾ? ನನಗೂ ಮೊದಲು ಹಾಗೇ ಆಗಿ, 'ಇದು ನನ್ನ ಕೈಲಿ ಆಗೋದಲ್ಲ' ಅಂತ ಬಿಟ್ಟದ್ದು. ಆಮೇಲೆ ಹೊಳೆಯಿತು, ಅವುಗಳಲ್ಲಿ ಹೆಚ್ಚಿನವು ಬೀಳುವುದಕ್ಕೆ ಇರುವ ಬೇರೆ ಬೇರೆ ದಾರಿಗಳು ಅಷ್ಟೇ. ನಿಮಗೆ ಬೇಕಾದದ್ದು ಬೆರಳೆಣಿಕೆಯಷ್ಟು.

ಹೆಜ್ಜೆ 2: ಗೆಲ್ಲಲು ಹೋಗಬೇಡಿ, ನಿಲ್ಲಿಸಿ

ಗರಡಿಗೆ ಹೊಸದಾಗಿ ಬಂದ ಹುಡುಗನಿಗೆ ಯಾರೂ ಮೊದಲ ದಿನವೇ ಜೋಡಿ ಕಟ್ಟುವುದಿಲ್ಲ. ಮಟ್ಟಿ ಅಗಿ, ಬಸ್ಕಿ ಹೊಡಿ ಅನ್ನುತ್ತಾರೆ. ಇಲ್ಲೂ ಅದೇ ಕ್ರಮ. ನಾನು ಮಾಡಿದ ದೊಡ್ಡ ತಪ್ಪು ಅಂದರೆ ಹಾಕಿಕೊಂಡ ದಿನವೇ ಆನ್‌ಲೈನ್‌ಗೆ ಇಳಿದದ್ದು. ಎರಡು ಸರದಿಯಲ್ಲಿ ನನ್ನ ಟೋರಿಯ ತಲೆ ಪರದೆಯಾಚೆ ಉರುಳಿಹೋಯಿತು. ಅದರಿಂದ ಕಲಿತದ್ದು ಸೊನ್ನೆ.

ಒಬ್ಬರೇ ಆಡುವ ಮೋಡ್‌ನಲ್ಲಿ ಕೂತುಕೊಳ್ಳಿ. ಏನೂ ಮಾಡದೆ ಸ್ಪೇಸ್ ಒತ್ತಿದರೆ ಗೊಂಬೆ ಕುಸಿಯುತ್ತದೆ, ಯಾಕೆಂದರೆ ಶುರುವಿನಲ್ಲಿ ಎಲ್ಲ ಕೀಲೂ ಸಡಿಲ. ಈಗ ಮತ್ತೆ ಶುರು ಮಾಡಿ 'ಸಿ' ಒತ್ತಿ. ಎಲ್ಲ ಕೀಲೂ ಒಂದೇ ಸಲಕ್ಕೆ ಬಿಗಿಯಾಗುತ್ತವೆ. ಸ್ಪೇಸ್ ಒತ್ತಿ ನೋಡಿ, ಕುಸಿಯುವುದಿಲ್ಲ. ಆಟಗಾರರು ಒಂದು ಪಟ್ಟನ್ನು ಬರೆದು ತೋರಿಸುವಾಗ ಮೊದಲ ಸಾಲು ಹೆಚ್ಚಾಗಿ ಇದೇ ಆಗಿರುತ್ತದೆ: 'ಎಲ್ಲ ಬಿಗಿ'. ಈ ಒಂದು ಕೀ ಗೊತ್ತಿಲ್ಲದೆ ನಾನು ಮೊದಲ ಸಲದ ಪೂರ್ತಿ ವಾರ ಕಳೆದಿದ್ದೇನೆ. ಆಟದೊಳಗೇ ಪಾಠಗಳಿವೆ, ಓದಬಹುದಿತ್ತು. ಓದಲಿಲ್ಲ.

ಇನ್ನು ಬೇಕಾದ ಕೀಗಳು ಕೆಲವೇ. ಮೌಸನ್ನು ಕೀಲಿನ ಮೇಲೆ ಇಟ್ಟು 'ಝಡ್' ಒತ್ತಿದರೆ ಮಡಚು-ಚಾಚು ಬದಲಾಗುತ್ತದೆ, 'ಎಕ್ಸ್' ಒತ್ತಿದರೆ ಬಿಗಿ-ಸಡಿಲ. 'ವಿ' ಒತ್ತಿದರೆ ಅಂಗೈ ಹಿಡಿದುಕೊಳ್ಳುತ್ತದೆ. ಡಬ್ಲ್ಯೂ, ಎ, ಎಸ್, ಡಿ ಕೀಗಳಿಂದ ಕ್ಯಾಮೆರಾ ತಿರುಗುತ್ತದೆ. ಕ್ಯಾಮೆರಾವನ್ನು ಅಸಡ್ಡೆ ಮಾಡಬೇಡಿ. ಎದುರಿನಿಂದ ಕೈ ಮುಟ್ಟಿದ ಹಾಗೆ ಕಂಡದ್ದು ಪಕ್ಕದಿಂದ ನೋಡಿದರೆ ಒಂದು ಮೊಳ ದೂರ ಇರುತ್ತದೆ.

ಹೆಜ್ಜೆ 3: ಒಂದು ಚಪ್ಪಾಳೆ

ಮೊದಲ ಹೊಡೆತವಾಗಿ ಇದನ್ನು ಮಾಡಿ. 'ಸಿ' ಒತ್ತಿ ಎಲ್ಲ ಬಿಗಿ. ಎದೆಯ ಎರಡೂ ಪಕ್ಕದಲ್ಲಿ, ಭುಜಕ್ಕಿಂತ ಒಳಗೆ, ಪೆಕ್ ಅನ್ನುವ ಎರಡು ಕೀಲುಗಳಿವೆ. ಎರಡನ್ನೂ ಮಡಚಿ. ಸ್ಪೇಸ್, ಸ್ಪೇಸ್, ಸ್ಪೇಸ್. ಪಕ್ಕಕ್ಕೆ ಚಾಚಿದ್ದ ಕೈಗಳು ಮುಂದೆ ಬಂದು ಪಟಾರನೆ ಸೇರುತ್ತವೆ.

ಇದಕ್ಕೆ ಆಟಗಾರರು ಇಟ್ಟಿರುವ ಹೆಸರು 'ನೂಬ್ ಕ್ಲ್ಯಾಪ್', ಅಂದರೆ ಹೊಸಬರ ಚಪ್ಪಾಳೆ. ಗೇಲಿಯ ಹೆಸರೇ. ಎದುರಾಳಿಯ ಕಡೆ ಮುಂದೆ ನುಗ್ಗುತ್ತಾ ಹೀಗೆ ಚಪ್ಪಾಳೆ ತಟ್ಟುವುದು ಎಲ್ಲ ಹೊಸಬರ ಮೊದಲ ಬುದ್ಧಿವಂತಿಕೆ. ನಾಚಿಕೆ ಬೇಡ. ನೀವೂ ತಟ್ಟಿ. ಒಂದು ಕೀಲಿಗೆ ಹೇಳಿದ್ದು ಇಡೀ ದೇಹಕ್ಕೆ ಏನು ಮಾಡುತ್ತದೆ ಅಂತ ಇದರಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸುವುದಿಲ್ಲ.

ಹೆಜ್ಜೆ 4: ಈಗ ನಿಜವಾದ ಗುದ್ದು

ಇಲ್ಲಿ ನಿಧಾನಿಸಬೇಕು. ಆಟದ ರುಚಿ ಹತ್ತಿದರೆ ಹತ್ತುವುದು ಇಲ್ಲೇ.

ಅಕ್ಕನ ಮಗ ರಜೆಗೆ ಬಂದಿದ್ದ. ಟೆಕ್ಕೆನ್‌ನಲ್ಲಿ ನನ್ನನ್ನು ನೆಲ ನೆಕ್ಕಿಸುವ ಹುಡುಗ. ನನ್ನ ಟೋರಿ ಬಲಗೈ ಚಾಚಿದರೂ ಊಕೆಗೆ ಗೀರೂ ಬೀಳದೆ ಇದ್ದದ್ದನ್ನು ನೋಡಿ, "ಮಾಮ, ಎದ್ದು ನಿಂತ್ಕೊಂಡು ನೀವೇ ಒಂದ್ಸಲ ಗುದ್ದಿ ನೋಡಿ" ಅಂದ. ನಡುಮನೆಯಲ್ಲಿ ನಿಂತು ಗಾಳಿಗೆ ಗುದ್ದಿದೆ. ಆಗ ಗೊತ್ತಾಯಿತು. ಬರೀ ಮೊಣಕೈ ಚಾಚಿದರೆ ಅದು ಗುದ್ದಲ್ಲ, ತಳ್ಳುವುದು. ಗುದ್ದುವಾಗ ಕೈ ಮೊದಲು ಹಿಂದೆ ಹೋಗುತ್ತದೆ, ಎದೆ ತಿರುಗುತ್ತದೆ, ಹಿಂಗಾಲು ನೆಲವನ್ನು ಒತ್ತುತ್ತದೆ. ಕೈ ಬರುವುದು ಕೊನೆಗೆ.

ಅದನ್ನೇ ಗೊಂಬೆಗೆ ಹೇಳಿ. ಎಲ್ಲ ಬಿಗಿ. ಮೊದಲ ಸರದಿಯಲ್ಲಿ ಬಲಗಡೆಯ ಪೆಕ್ ಚಾಚಿ, ಕೈ ಹಿಂದೆ ಹೋಗಲಿ. ಎದೆ ಬಲಕ್ಕೆ ತಿರುಗಲಿ. ಬಲ ಮೊಣಕೈ ಮಡಚಿರಲಿ. ಸ್ಪೇಸ್. ಒಂದೋ ಎರಡೋ ಸರದಿ ಆದಮೇಲೆ ಎಲ್ಲ ಉಲ್ಟಾ: ಎದೆ ಎಡಕ್ಕೆ, ಪೆಕ್ ಮಡಚಿ. ಮೊಣಕೈಯನ್ನು ಮಾತ್ರ ಕೂಡಲೇ ಚಾಚಬೇಡಿ. ಭುಜ ಮುಂದೆ ಬರುವವರೆಗೆ ತಡೆದು ಆಮೇಲೆ ಚಾಚಿ. ಎಲ್ಲವನ್ನೂ ಒಂದೇ ಸರದಿಯಲ್ಲಿ ಮಾಡಿದಾಗ ಬರುವ ಹೊಡೆತಕ್ಕೂ ಹೀಗೆ ಒಂದರ ಹಿಂದೆ ಒಂದು ಬಿಟ್ಟಾಗ ಬರುವ ಹೊಡೆತಕ್ಕೂ ಇರುವ ವ್ಯತ್ಯಾಸ ಅಂಕದಲ್ಲೇ ಕಾಣುತ್ತದೆ. ನನ್ನ ಮೂರನೇ ಪ್ರಯತ್ನದಲ್ಲಿ ಊಕೆಯ ಭುಜವೇ ಕಳಚಿತು. ಹುಡುಗ ಹೋ ಅಂತ ಕೂಗಿದ. ಒಳಗಿನಿಂದ ಅಮ್ಮ ಬಂದು ನೋಡಿ, ಮುಖ ಸಿಂಡರಿಸಿ ವಾಪಸ್ ಹೋದರು.

ಬಿಗಿ ಮತ್ತು ಸಡಿಲದ ಲೆಕ್ಕವೂ ಈಗಲೇ ಹಿಡಿಯಿರಿ. ಹೊಡೆಯುವ ಹೊತ್ತಿಗೆ ಮಣಿಕಟ್ಟು ಸಡಿಲವಾಗಿದ್ದರೆ ಅದು ಬಲವನ್ನು ಕುಡಿದುಬಿಡುತ್ತದೆ. ಹಾಗಂತ ಮೈಯೆಲ್ಲ ಯಾವಾಗಲೂ ಬಿಗಿಯಾಗಿದ್ದರೆ ಎದುರಾಳಿ ಒಂದು ಕಡೆ ತಳ್ಳಿದಾಗ ಹಲಗೆಯ ಹಾಗೆ ಉದ್ದಕ್ಕೂ ಬೀಳುತ್ತೀರಿ.

ಹೆಜ್ಜೆ 5: ನೆರಳನ್ನು ನಂಬಿ, ಪೂರ್ತಿ ನಂಬಬೇಡಿ

ಕೀಲು ಬದಲಿಸಿದ ಕೂಡಲೇ ಗೊಂಬೆಯಿಂದ ಒಂದು ಪಾರದರ್ಶಕ ಆಕೃತಿ ಹೊರಬಂದು, ಮುಂದೆ ದೇಹ ಎಲ್ಲಿರುತ್ತದೆ ಅಂತ ತೋರಿಸುತ್ತದೆ. ಇದಕ್ಕೆ ಗೋಸ್ಟ್ ಅನ್ನುತ್ತಾರೆ. 'ಬಿ' ಒತ್ತಿದರೆ ಬರುತ್ತದೆ, ಹೋಗುತ್ತದೆ. ಇದು ಇಲ್ಲದಿದ್ದರೆ ನಾನು ನಾಲ್ಕನೇ ಸಲ ಆಟ ಹಾಕಿಕೊಳ್ಳುತ್ತಲೇ ಇರಲಿಲ್ಲ, ಮೂರನೇ ಸಲವೇ ಶಾಶ್ವತವಾಗಿ ಬಿಡುತ್ತಿದ್ದೆ.

ಎಡ-ಬಲದಲ್ಲಿ ಗೊಂದಲವಾದರೆ ನೆನಪಿಟ್ಟುಕೊಳ್ಳಲು ಒದ್ದಾಡಬೇಡಿ. ಒಂದು ಕಡೆ ತಿರುಗಿಸಿ, ಗೋಸ್ಟ್ ನೋಡಿ, ತಪ್ಪಿದ್ದರೆ ಇನ್ನೊಂದು ಕಡೆ. ಅಭ್ಯಾಸದ ಮೋಡ್‌ನಲ್ಲಿ ಶಿಫ್ಟ್ ಹಿಡಿದು ಸ್ಪೇಸ್ ಒತ್ತಿದರೆ ಹತ್ತರ ಬದಲು ಒಂದೇ ಫ್ರೇಮ್ ಮುಂದೆ ಹೋಗುತ್ತದೆ. ಹೊಡೆತ ತಾಗುವ ಕ್ಷಣವನ್ನು ಹೀಗೆ ಇಂಚಿಂಚಾಗಿ ನೋಡುವುದರಲ್ಲಿ ಬೇರೆಯೇ ಮಜಾ ಇದೆ.

ಆದರೆ ಎದುರಾಳಿ ಈ ಸರದಿಯಲ್ಲಿ ಏನು ಬದಲಿಸುತ್ತಿದ್ದಾನೆ ಅನ್ನುವುದು ಗೋಸ್ಟ್‌ಗೆ ಗೊತ್ತಿಲ್ಲ. ಅವನು ಇದ್ದ ಹಾಗೇ ಇರುತ್ತಾನೆ ಅಂದುಕೊಂಡು ಅದು ತೋರಿಸುತ್ತದೆ. ಆನ್‌ಲೈನ್‌ನಲ್ಲಿ ನಾನು ಸೋತ ಪಂದ್ಯಗಳಲ್ಲಿ ಅರ್ಧ, ಗೋಸ್ಟ್ ನೋಡಿ 'ಆಯ್ತು, ಸಿಕ್ಕಿದ' ಅಂತ ಖುಷಿಪಟ್ಟವು.

ಹೆಜ್ಜೆ 6: ಊಕೆಯನ್ನೂ ನೀವೇ ಆಡಿಸಿ

ಅಭ್ಯಾಸದಲ್ಲಿ ಎದುರಿನ ಗೊಂಬೆಯ ಕೀಲುಗಳೂ ನಿಮ್ಮ ಕೈಯಲ್ಲೇ ಇರುತ್ತವೆ. ಅವನನ್ನು ಬಗ್ಗಿಸಿ, ಕಾಲೆತ್ತಿಸಿ, ನಿಮ್ಮ ಮೇಲೆ ನುಗ್ಗಿಸಿ. ಕಂಬದ ಹಾಗೆ ನಿಂತವನಿಗೆ ಗುದ್ದಿ ಗುದ್ದಿ ಬೇಜಾರಾಗುವ ಹೊತ್ತಿಗೆ ಇದನ್ನು ಶುರು ಮಾಡಿದರೆ ಸರಿ.

ಹೆಜ್ಜೆ 7: ರೀಪ್ಲೇ ನೋಡುವುದೇ ಆಟ

ನನಗೆ ಈ ಆಟ ಯಾಕೆ ಬೇಸರ ತರಿಸುತ್ತಿತ್ತು ಅಂತ ಬಹಳ ದಿನ ಗೊತ್ತಾಗಲಿಲ್ಲ. ಬೇರೆ ಫೈಟಿಂಗ್ ಗೇಮ್‌ಗಳಲ್ಲಿ ಆಡುವ ಕ್ಷಣದಲ್ಲೇ ಮಜಾ ಸಿಗುತ್ತದೆ. ಇಲ್ಲಿ ಆಡುವಾಗ ಸಿಗುವುದು ತಲೆನೋವು. ಹತ್ತು ನಿಮಿಷ ಕೂತು, ಕ್ಯಾಮೆರಾ ತಿರುಗಿಸಿ, ಕೀಲು ಎಣಿಸಿ ಆಡಿದ ಪಂದ್ಯ, ಮುಗಿದ ಕೂಡಲೇ ಮೊದಲಿನಿಂದ ಕೊನೆಯವರೆಗೆ ನಿಲ್ಲದೆ ಓಡುತ್ತದೆ. ಕೆಲವೇ ಸೆಕೆಂಡು. ನೀವು ತಡಕಾಡುತ್ತಾ ಇಟ್ಟ ಹೆಜ್ಜೆಗಳೆಲ್ಲ ಒಂದೇ ಬೀಸಿನಲ್ಲಿ ನುರಿತ ಜಟ್ಟಿಯ ಪಟ್ಟಿನಂತೆ ಕಾಣುತ್ತವೆ. ನಾನು ಸೋತ ಪಂದ್ಯಗಳೂ ಹಾಗೆ ನೋಡಿದರೆ ಚೆಂದವಾಗಿದ್ದವು. ಮೊದಲೆಲ್ಲ ಸೋತ ಸಿಟ್ಟಿಗೆ ರೀಪ್ಲೇ ನೋಡದೆ ಮುಚ್ಚುತ್ತಿದ್ದೆ. ಊಟಕ್ಕೆ ಕೂತು, ಪಾಯಸ ಬರುವ ಮೊದಲೇ ಎದ್ದ ಹಾಗೆ.

'ಎಫ್' ಒತ್ತಿದರೆ ರೀಪ್ಲೇ ಉಳಿಯುತ್ತದೆ. ರೀಪ್ಲೇ ಓಡುತ್ತಿರುವಾಗ 'ಇ' ಒತ್ತಿದರೆ ಆ ಜಾಗದಿಂದ ಮತ್ತೆ ನೀವೇ ಆಡಬಹುದು. ಎಲ್ಲಿ ಎಡವಿದಿರೋ ಅಲ್ಲಿಗೇ ಹೋಗಿ ಮೊಣಕಾಲನ್ನು ಮಡಚುವ ಬದಲು ಚಾಚಿ ನೋಡಿ. ನನಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಕ್ಕಿಲ್ಲ.

ಹೆಜ್ಜೆ 8: ಈಗ ಜೋಡಿ ಕಟ್ಟಿ

ಆನ್‌ಲೈನ್‌ಗೆ ಹೋಗಿ. ಕರಾಟೆಯಂತೆ ಇಲ್ಲೂ ಬೆಲ್ಟ್‌ಗಳಿವೆ. ಆಡಿದ ಪಂದ್ಯಗಳ ಲೆಕ್ಕದಲ್ಲಿ ಬಣ್ಣ ಬದಲಾಗುತ್ತದೆ. ಕಪ್ಪು ಬೆಲ್ಟ್‌ನವರು ತುಂಬಿದ ಕೋಣೆಗೆ ಮೊದಲೇ ನುಗ್ಗಬೇಡಿ. ಸರದಿಗೆ ಗಡಿಯಾರ ಓಡುತ್ತಿರುತ್ತದೆ, ಮನೆಯ ಹಾಗೆ ಹತ್ತು ನಿಮಿಷ ಕೂರುವಂತಿಲ್ಲ. ಅದಕ್ಕೇ ಒಂದು ಆರಂಭದ ಪಟ್ಟನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ, ಮೊದಲ ಮೂರು ಸರದಿ ಯೋಚಿಸುವ ಕೆಲಸವೇ ಇರುವುದಿಲ್ಲ. ಜೂಡೋ, ಐಕಿಡೋ ಬಗೆಯ ಪಂದ್ಯಗಳಲ್ಲಿ ಕೈ-ಪಾದ ಬಿಟ್ಟು ಬೇರೆ ಭಾಗ ನೆಲ ಮುಟ್ಟಿದರೆ ಸೋಲು. ಅಲ್ಲಿ ಗುದ್ದಿಗಿಂತ 'ವಿ' ಒತ್ತಿ ಹಿಡಿದು ಎಳೆಯುವುದೇ ಮುಖ್ಯ. ಕುಸ್ತಿ ನೋಡಿ ಬೆಳೆದವರಿಗೆ ಇದು ಬೇಗ ಹಿಡಿಸಬಹುದು, ನನಗಂತೂ ಹಿಡಿಸಿತು.

ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಕೊಟ್ಟು ನೋಡಿ. ಅಷ್ಟಾದ ಮೇಲೂ ಬೇಸರವೇ ಆದರೆ ಬಿಟ್ಟುಬಿಡಿ, ಎಲ್ಲರಿಗೂ ಎಲ್ಲವೂ ರುಚಿಸಬೇಕಿಲ್ಲ. ಸರದಿಯ ಹೊಡೆದಾಟ ಇಷ್ಟ, ಕೀಲು ಎಣಿಸುವುದು ಕಷ್ಟ ಅನ್ನುವವರಿಗೆ 2023ರಲ್ಲಿ ಬಂದ 'ಯುವರ್ ಓನ್ಲಿ ಮೂವ್ ಈಸ್ ಹಸಲ್' ಇದೆ. ಅಲ್ಲಿ ಗುದ್ದು, ಒದೆ ಎಲ್ಲ ಸಿದ್ಧವಾಗೇ ಸಿಗುತ್ತವೆ, ಆರಿಸಿದರೆ ಆಯಿತು.

ಅಳಿಸುವುದೇ ಆದರೆ ಆಟದ ಫೋಲ್ಡರಿನಲ್ಲಿರುವ 'ರೀಪ್ಲೇ' ಫೋಲ್ಡರನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಮೂರನೇ ಸಲ ಅಳಿಸುವಾಗ ನಾನು ಅದನ್ನು ಮಾಡಲಿಲ್ಲ. ತಲೆ ಹಾರಿಹೋದ ಮೇಲೂ ಬೀಳದೆ ನಿಂತು, ಕೊನೆಯ ಸರದಿಯಲ್ಲಿ ಎದುರಾಳಿಯ ಮಂಡಿ ಮುರಿದ ನನ್ನ ಟೋರಿ ಅದರಲ್ಲೇ ಇತ್ತು. ಅಕ್ಕನ ಮಗ ಈಗಲೂ ಅದನ್ನು ನಂಬುವುದಿಲ್ಲ.