ಚಳಿಗಾಲಕ್ಕೆ ಮುಂಚೆ ಜೇನಿಗೆ ಇಟ್ಟ ಪಾಕ ಹಾಗೇ ಉಳಿಯುತ್ತಿತ್ತು: ಸರಿಹೋದ ಬಗೆ

ಲಕ್ಷಣ ಇಷ್ಟು: ಸಕ್ಕರೆ ಪಾಕ ಇಟ್ಟರೂ ಪೆಟ್ಟಿಗೆಯ ತೂಕ ಏರದು, ನಾಲ್ಕೈದು ದಿನಕ್ಕೆ ಪಾಕ ಹುಳಿ ವಾಸನೆ ಹೊಡೆಯುತ್ತದೆ, ಬಾಗಿಲಲ್ಲಿ ಬೇರೆ ಗೂಡಿನ ಜೇನುನೊಣಗಳ ಕಾದಾಟ.

ಸಮಪಾಲು ಸಕ್ಕರೆ-ನೀರಿನ ತೆಳು ಪಾಕ ಪ್ರಯೋಜನವಾಗಲಿಲ್ಲ. ನೀರು ಆರಿಸುವುದರಲ್ಲೇ ನೊಣಗಳ ಶ್ರಮ ಮುಗಿಯುತ್ತದೆ. ಹೊರಗೆ ತಟ್ಟೆಯಲ್ಲಿಟ್ಟರೆ ಲೂಟಿ ಹೆಚ್ಚುತ್ತದೆ. ನಿಂಬೆರಸ ಹಾಕಿ ಕುದಿಸುವುದಂತೂ ಬೇಡವೇ ಬೇಡ, ನೊಣಗಳಿಗೆ ಕೆಡುಕು ಮಾಡುವ ವಸ್ತು ಹುಟ್ಟುತ್ತದೆ.

ಕೆಲಸ ಮಾಡಿದ್ದು ಇದು. 1 ಲೀಟರ್ ನೀರು ಕುದಿಸಿ, ಒಲೆ ಆರಿಸಿ, 2 ಕಿಲೋ ಬಿಳಿ ಸಕ್ಕರೆ ಕದಡಿ. ಬೆಲ್ಲ, ಕಂದು ಸಕ್ಕರೆ ಬಳಸಿದರೆ ನೊಣಗಳಿಗೆ ಭೇದಿ. ಪಾಕ ಉಗುರುಬೆಚ್ಚಗಾದ ಮೇಲೆ ಬಾಟಲಿಗೆ ತುಂಬಿ, ಮುಚ್ಚಳಕ್ಕೆ ಸಣ್ಣ ಮೊಳೆಯಿಂದ 1 ಮಿಲಿಮೀಟರಿನ ಏಳೆಂಟು ತೂತು ಹೊಡೆಯಿರಿ. ಮೊದಲು ಬಕೆಟ್ ಮೇಲೆ ಬೋರಲು ಹಿಡಿಯಿರಿ: ಕೆಲವು ಹನಿ ಬಿದ್ದು ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ತೂತು ದೊಡ್ಡದು ಅಥವಾ ಮುಚ್ಚಳ ಸಡಿಲ. ಹಾಗೇ ಇಟ್ಟರೆ ಗೂಡೆಲ್ಲ ತೊಯ್ಯುತ್ತದೆ. ಆಮೇಲೆ ನೊಣಗಳ ಗುಂಪಿನ ನೇರ ಮೇಲೆ, ಎರಿ ಕಟ್ಟಿದ ಚೌಕಟ್ಟುಗಳಿಗೆ ತಾಗುವಂತೆ ಬೋರಲಿಡಿ. ಸುತ್ತ ಖಾಲಿ ಪೆಟ್ಟಿಗೆ ಇಟ್ಟು ಮೇಲ್ಮುಚ್ಚಳ ಬಿಗಿಯಾಗಿ ಹಾಕಿ. ಬಾಟಲಿ ದೂರವಿದ್ದರೆ ತಂಪಿಗೆ ನೊಣ ಅಲ್ಲಿಗೆ ಹೋಗುವುದೇ ಇಲ್ಲ.

ಇಡುವುದು ಸಂಜೆಯೇ, ಬಾಗಿಲು ಎರಡು ನೊಣ ಹಿಡಿಸುವಷ್ಟಕ್ಕೆ ಕಿರಿದು ಮಾಡಿದ ಮೇಲೆ. ಹಗಲಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿದರೆ ದ್ರವ ನಿಲ್ಲಿಸಿ, ಗಟ್ಟಿ ಸಕ್ಕರೆ ಉಂಡೆ ಕೊಡಿ.